ಇಳಕಲ್ ಸೀರೆಗೆ ಒಂದು ಸರಳ ಆನ್‌ಲೈನ್ ಅಂಗಡಿ: ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಬಿಡಬೇಕು?

ಇಳಕಲ್ ಮಗ್ಗದ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಇಳಕಲ್ಲಿನ ನೇಕಾರರ ಮನೆತನ. ಮನೆಯಲ್ಲಿ ಎರಡು ಕುಣಿಮಗ್ಗಗಳಿವೆ (ಕುಣಿಯಲ್ಲಿ ಕಾಲಿಟ್ಟು ಕುಳಿತು ನೇಯುವ ಕೈಮಗ್ಗ). ಅವ್ವ ಮತ್ತು ಕಾಕಾ ನೇಯುತ್ತಾರೆ. ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮ ಮನೆಯ ಮತ್ತು ನಮ್ಮ ಓಣಿಯ ಇನ್ನೂ ಆರು ಮನೆಗಳ ಕೈಮಗ್ಗದ ಸೀರೆಗಳನ್ನು ನೇರವಾಗಿ ಕೊಳ್ಳುವವರಿಗೆ ತಲುಪಿಸುವ ಒಂದು ಚಿಕ್ಕ ಜಾಲತಾಣವನ್ನು ಪಂಚಮಿಯ ಹೊತ್ತಿಗೆ ಆರಂಭಿಸಬೇಕೆಂದಿದ್ದೇನೆ. ಶ್ರಾವಣದಲ್ಲಿ ಹೆಣ್ಣುಮಕ್ಕಳು ತವರಿಗೆ ಬರುವ ಕಾಲಕ್ಕೆ ನಮ್ಮ ಕಡೆ ಸೀರೆಯ ಬೇಡಿಕೆ ಎಷ್ಟಿರುತ್ತದೆ ಎಂಬುದನ್ನು ಉತ್ತರ ಕರ್ನಾಟಕದವರಿಗೆ ನಾನು ಹೇಳಬೇಕಾಗಿಲ್ಲ.

ಕಳೆದ ವರ್ಷ ಇದೇ ಪ್ರಯತ್ನ ಮಾಡಿ ಸೋತಿದ್ದೇನೆ. ಎಂಟು ತಿಂಗಳು ರಾತ್ರಿ ಕುಳಿತು ಲಾಗಿನ್, ಇಷ್ಟಪಟ್ಟಿ, ರಿಯಾಯಿತಿ ಕೂಪನ್, ವಿಮರ್ಶೆ, ಅಂಕಗಳು ಎಂದು ದೊಡ್ಡ ಅಂಗಡಿಗಳಲ್ಲಿ ಕಂಡದ್ದನ್ನೆಲ್ಲ ಕಟ್ಟುತ್ತ ಹೋದೆ. ಕೊನೆಗೆ ಒಂದು ಸೀರೆಯೂ ಮಾರಾಟವಾಗುವ ಮೊದಲೇ ಆ ಕೆಲಸ ನಿಂತುಹೋಯಿತು. ಅವ್ವ ಆಗ ಕೇಳಿದ್ದು ಒಂದೇ ಪ್ರಶ್ನೆ: "ಸೀರಿ ಫೋಟೋ, ರೇಟು, ರೊಕ್ಕಾ ಹಾಕೂ ಜಾಗ, ಇಷ್ಟs ಸಾಕಿತ್ತಲ್ಲಪಾ?" ಈ ಸಲ ಆ ಮೂರರಿಂದಲೇ ಹೊರಡಬೇಕೆಂದಿದ್ದೇನೆ. ಆರಂಭದಲ್ಲಿ ನಲವತ್ತು ಸೀರೆಗಳಿರುತ್ತವೆ. ಪ್ರತಿಯೊಂದೂ ಒಂದೇ ಒಂದು. ಇಂಥ ಅಂಗಡಿಗೆ ನಿಜವಾಗಿ ಏನು ಬೇಕು, ಯಾವುದನ್ನು ಧೈರ್ಯವಾಗಿ ಬಿಡಬಹುದು ಎಂಬುದನ್ನು ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಹುಬ್ಬಳ್ಳಿ ವೆಬ್ ಕೆಲಸ:

ನಿಮ್ಮ ತಾಯಿಯವರ ಮಾತನ್ನೇ ಯೋಜನೆಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ. ಹನ್ನೊಂದು ವರ್ಷಗಳಿಂದ ಚಿಕ್ಕ ವ್ಯಾಪಾರಗಳಿಗೆ ಜಾಲತಾಣ ಕಟ್ಟಿಕೊಡುತ್ತ ಬಂದಿದ್ದೇನೆ. ನಾನು ನೋಡಿದ ಮಟ್ಟಿಗೆ, ನಿಂತುಹೋದ ಅಂಗಡಿಗಳಲ್ಲಿ ಹೆಚ್ಚಿನವು ಏನೋ ಕೊರತೆಯಿಂದ ನಿಂತವಲ್ಲ, ಮಾಲೀಕರು ನಿಭಾಯಿಸಲಾರದಷ್ಟು ಇದ್ದುದರಿಂದ ನಿಂತವು.

ಮೊದಲು ಬಿಡಬೇಕಾದದ್ದು ಲಾಗಿನ್. ವರ್ಷಕ್ಕೆ ಒಂದೋ ಎರಡೋ ಸೀರೆ ಕೊಳ್ಳುವವರಿಗೆ ನಿಮ್ಮಲ್ಲಿ ಖಾತೆ ತೆರೆದು ಇನ್ನೊಂದು ಪಾಸ್‌ವರ್ಡ್ ನೆನಪಿಡುವ ಅಗತ್ಯವೇ ಇಲ್ಲ. ಪಾಸ್‌ವರ್ಡ್ ಬದಲು ಒಟಿಪಿ ಕಳುಹಿಸುತ್ತೇನೆ ಎಂದುಕೊಂಡರೆ ಅದು ಮತ್ತೊಂದು ತೊಡಕು. ನಮ್ಮ ದೇಶದಲ್ಲಿ ವ್ಯಾಪಾರಿಯೊಬ್ಬರು ಎಸ್‌ಎಂಎಸ್ ಕಳುಹಿಸಬೇಕಾದರೆ ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ 2018ರ ನಿಯಮಗಳ ಪ್ರಕಾರ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ತಮ್ಮ ಹೆಸರನ್ನೂ ಕಳುಹಿಸುವ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ನಲವತ್ತು ಸೀರೆಯ ಅಂಗಡಿಗೆ ಆ ಹೊರೆ ಬೇಡ. ಹೆಸರು, ಫೋನ್ ಸಂಖ್ಯೆ, ವಿಳಾಸ, ಇಷ್ಟನ್ನು ಹಣ ಪಾವತಿಸುವ ಪುಟದಲ್ಲೇ ಕೇಳಿ. ಆದೇಶ ಬಂದ ಮೇಲೆ ನೀವೇ ಒಂದು ಫೋನ್ ಮಾಡಿ ಮಾತನಾಡಿದರೆ ಯಾವ ಒಟಿಪಿಯೂ ಕೊಡದಷ್ಟು ಭರವಸೆ ಹುಟ್ಟುತ್ತದೆ.

ಎರಡನೆಯದು ಬುಟ್ಟಿ. ಪ್ರತಿಯೊಂದೂ ಒಂದೇ ಇರುವಾಗ "ಬುಟ್ಟಿಗೆ ಸೇರಿಸಿ" ಎಂಬ ನಡುವಿನ ಹಂತ ಗೊಂದಲವನ್ನೇ ಹೆಚ್ಚಿಸುತ್ತದೆ, ಏಕೆಂದರೆ ಒಬ್ಬರ ಬುಟ್ಟಿಯಲ್ಲಿ ಎರಡು ದಿನ ಕುಳಿತ ಸೀರೆ ಇನ್ನೊಬ್ಬರಿಗೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ. ಸೀರೆಗೊಂದು ಪುಟ, ಪುಟಕ್ಕೊಂದು "ಈ ಸೀರೆ ಕೊಳ್ಳಿ" ಗುಂಡಿ ಸಾಕು. ಹುಡುಕುವ ಪೆಟ್ಟಿಗೆಯೂ ಸದ್ಯಕ್ಕೆ ಬೇಡ, ನಲವತ್ತು ಚಿತ್ರಗಳನ್ನು ಜನ ಬೆರಳಿನಿಂದ ಸರಿಸಿಯೇ ನೋಡುತ್ತಾರೆ.

ಯಾವುದರಲ್ಲಿ ಕಟ್ಟಬೇಕು ಎಂಬುದಕ್ಕೆ ನನ್ನ ಉತ್ತರ ನಿಮಗೆ ರುಚಿಸಲಿಕ್ಕಿಲ್ಲ. ಶಾಪಿಫೈನಂಥ ತಿಂಗಳ ಬಾಡಿಗೆಯ ಸಿದ್ಧ ವೇದಿಕೆಯನ್ನೋ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಎಂಬ ಅಂಗಡಿಯ ಜೋಡಣೆಯನ್ನೋ (ಪ್ಲಗಿನ್) ಬಳಸಿ ಒಂದು ವಾರದಲ್ಲಿ ಮುಗಿಸಿ ಎಂದು ಹೇಳುವುದೇ ನನ್ನ ವಾಡಿಕೆ. ಆದರೆ ವೂಕಾಮರ್ಸ್ ಆಯ್ದುಕೊಂಡವರು ಅದರ ಪ್ಲಗಿನ್‌ಗಳನ್ನು ಕಾಲಕಾಲಕ್ಕೆ ಹೊಸದಾಗಿಸುತ್ತಿರಬೇಕು. ಹಾಗೆ ಮಾಡದೆ ಬಿಟ್ಟ ತಾಣಗಳಿಗೆ ಕನ್ನ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ನೀವು ಸ್ವತಃ ಬರೆಯಬಲ್ಲವರಾದ್ದರಿಂದ ಮೂರನೆಯ ದಾರಿಯೂ ಇದೆ: ಸೀರೆಯ ಪುಟಗಳು ಬರೀ ಸ್ಥಿರ ಪುಟಗಳಾಗಿರಲಿ, ಸೀರೆಯನ್ನು ಕಾದಿರಿಸುವುದಕ್ಕೂ ಪಾವತಿಯನ್ನು ದೃಢಪಡಿಸುವುದಕ್ಕೂ ಮಾತ್ರ ಸರ್ವರ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಇರಲಿ.

ಧಾರವಾಡದ ಖಣದಂಗಡಿ:

ನಾಲ್ಕು ವರ್ಷಗಳಿಂದ ಗುಳೇದಗುಡ್ಡದ ಖಣಗಳನ್ನು (ಕುಪ್ಪಸದ ಬಟ್ಟೆ) ಆನ್‌ಲೈನ್‌ನಲ್ಲಿ ಮಾರುತ್ತಿದ್ದೇನೆ. ತಂತ್ರಜ್ಞಾನದ ವಿಷಯ ತಿಳಿದವರು ಹೇಳಲಿ, ನಾನು ಫೋಟೋಗಳ ಬಗ್ಗೆ ಹೇಳುತ್ತೇನೆ, ಏಕೆಂದರೆ ನನಗೆ ಹಿಂತಿರುಗಿ ಬಂದ ಬಟ್ಟೆಗಳಲ್ಲಿ ಹೆಚ್ಚಿನವು "ಬಣ್ಣ ಫೋಟೋದಲ್ಲಿದ್ದಂತೆ ಇಲ್ಲ" ಎಂದೇ ಬಂದವು.

ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೋವನ್ನು ಎಂದಿಗೂ ಹಾಕಬೇಡಿ. ಬೆಳಗಿನ ಎಂಟರಿಂದ ಹತ್ತರ ಒಳಗೆ, ನೇರ ಬಿಸಿಲು ಬೀಳದ ಕಟ್ಟೆಯ ಮೇಲೆ ಸೀರೆಯನ್ನು ಹಾಸಿ, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆಯಿರಿ. ಆ ಹಾಳೆ ಫೋಟೋದಲ್ಲಿ ಬೆಳ್ಳಗೆ ಕಂಡರೆ ಸೀರೆಯ ಬಣ್ಣವೂ ಸರಿಯಾಗಿಯೇ ಬಂದಿರುತ್ತದೆ. ಹಾಸು (ಉದ್ದದ ಎಳೆ) ಒಂದು ಬಣ್ಣ, ಹೊಕ್ಕು (ಅಡ್ಡ ಎಳೆ) ಇನ್ನೊಂದು ಬಣ್ಣ ಇರುವ ಸೀರೆಗಳು ಒಂದೊಂದು ಕೋನದಿಂದ ಒಂದೊಂದು ಥರ ಕಾಣುತ್ತವೆ. ಅವಕ್ಕೆ ಹತ್ತು ಸೆಕೆಂಡಿನ ವಿಡಿಯೋ ಬೇಕೇ ಬೇಕು. ಒಡಲು, ದಡಿ (ಅಂಚು), ಸೆರಗು, ಇವು ಮೂರೂ ಬೇರೆ ಬೇರೆಯಾಗಿ ಕಾಣಬೇಕು. ನಾಲ್ಕನೆಯದಾಗಿ ಕೊಂಡಿಯ ಚಿತ್ರವನ್ನು ಹತ್ತಿರದಿಂದ ತೆಗೆಯಿರಿ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುವ ಆ ಕೆಲಸವೇ ಇಳಕಲ್ ಸೀರೆಯ ಗುರುತು. ಅದನ್ನು ನೋಡಿಯೇ ಕೊಳ್ಳುವ ಗ್ರಾಹಕರು ನನಗೆ ಗೊತ್ತು.

ವಿವರಣೆಯಲ್ಲಿ ವಿಶೇಷಣಗಳನ್ನು ಕಡಿಮೆ ಮಾಡಿ, ಸಂಗತಿಗಳನ್ನು ಬರೆಯಿರಿ. ಆರು ಗಜವೋ, ಎಂಟೋ, ಒಂಬತ್ತೋ? ಒಡಲು ಹತ್ತಿಯದೋ, ರೇಷ್ಮೆಯದೋ? ಸೆರಗು ಅಸಲಿ ರೇಷ್ಮೆಯದೋ, ಚಮಕಾದ್ದೋ (ಕೃತಕ ರೇಷ್ಮೆ)? ದಡಿಯ ವಿನ್ಯಾಸ ಚಿಕ್ಕಿಪರಾಸವೋ, ಗೋಮಿಯೋ, ಗಾಡಿಯೋ? ಕುಪ್ಪಸದ ತುಂಡು ಇದೆಯೋ, ಇಲ್ಲವೋ? ಈ ಕೊನೆಯದನ್ನು ಬರೆಯದಿದ್ದರೆ ಬೆಂಗಳೂರು ಕಡೆಯ ಗ್ರಾಹಕರು ತುಂಡು ಇದ್ದೇ ಇರುತ್ತದೆ ಎಂದುಕೊಂಡು ತರಿಸಿ, ಆಮೇಲೆ ಬೇಸರಪಡುತ್ತಾರೆ. ನಮ್ಮ ಕಡೆ ಸೀರೆಗೆ ಖಣವನ್ನು ಬೇರೆಯಾಗಿ ಹೊಂದಿಸುವ ರೂಢಿ ಅವರಿಗೆ ತಿಳಿದಿರುವುದಿಲ್ಲ. ಪವರ್‌ಲೂಮ್ ಸೀರೆಯನ್ನೂ ಇಡುವುದಾದರೆ ಅದನ್ನು ಪವರ್‌ಲೂಮ್ ಎಂದೇ ದೊಡ್ಡ ಅಕ್ಷರದಲ್ಲಿ ಬರೆಯಿರಿ. ಕೈಮಗ್ಗದ ಹೆಸರಿನಲ್ಲಿ ಬೇರೆಯದನ್ನು ಮಾರುವವರಿಂದ ನೇಕಾರರಿಗೆ ಆಗಿರುವ ನಷ್ಟವನ್ನು ನೀವು ಮನೆಯಲ್ಲೇ ನೋಡಿದ್ದೀರಿ.

ಇನ್ನೊಂದು ಕಹಿ ಅನುಭವವಿದೆ. ಕಳೆದ ದೀಪಾವಳಿಯಲ್ಲಿ ಒಂದೇ ಖಣಕ್ಕೆ ಎರಡು ನಿಮಿಷದ ಅಂತರದಲ್ಲಿ ಇಬ್ಬರು ಹಣ ಹಾಕಿದರು. ಒಬ್ಬರು ಮಗಳ ಕುಬಸದ (ಸೀಮಂತದ) ಕಾರ್ಯಕ್ಕೆಂದು ಅದೇ ಬಣ್ಣ ಬೇಕೆಂದು ಹುಡುಕಿ ಬಂದವರು. ಹಣ ಹಿಂತಿರುಗಿಸಿದೆ, ಆದರೆ ಆ ತಾಯಿ ಫೋನಿನಲ್ಲಿ ಸುಮ್ಮನಾದದ್ದು ಈಗಲೂ ಮನಸ್ಸಿನಲ್ಲಿದೆ. ಹಾಗಾಗದಂತೆ ಮೊದಲೇ ಏರ್ಪಾಟು ಮಾಡಿಕೊಳ್ಳಿ.

ಇಳಕಲ್ ಮಗ್ಗದ ಮನೆ:

ಅಕ್ಕನವರೇ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ಚಮಕಾ ಮತ್ತು ಅಸಲಿ ರೇಷ್ಮೆಯ ವ್ಯತ್ಯಾಸವನ್ನು ಬರೆಯಬೇಕೆಂಬುದು ನನಗೆ ಹೊಳೆದೇ ಇರಲಿಲ್ಲ, ಏಕೆಂದರೆ ನಮ್ಮ ಮನೆಯಲ್ಲಿ ಅದು ಎಲ್ಲರಿಗೂ ಕೈಮುಟ್ಟಿದೊಡನೆ ತಿಳಿಯುತ್ತದೆ. ಹುಬ್ಬಳ್ಳಿ ಸರ್, ನಿಮ್ಮ ಮೂರನೆಯ ದಾರಿಯನ್ನೇ ಹಿಡಿಯುತ್ತೇನೆ. ಒಂದೇ ಸೀರೆ ಇಬ್ಬರಿಗೆ ಹೋಗದಂತೆ ತಡೆಯುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುವಿರಾ?

ಹುಬ್ಬಳ್ಳಿ ವೆಬ್ ಕೆಲಸ:

ಹೇಳುತ್ತೇನೆ. ಇಡೀ ಅಂಗಡಿಯಲ್ಲಿ ನಿಜವಾಗಿ ಕಷ್ಟದ ಭಾಗ ಇದೊಂದೇ ಆದ್ದರಿಂದ ಉಳಿದೆಲ್ಲ ಕಡೆ ಉಳಿಸಿದ ಸಮಯವನ್ನು ಇಲ್ಲಿ ಧಾರಾಳವಾಗಿ ಖರ್ಚು ಮಾಡಿ.

ಪ್ರತಿ ಸೀರೆಗೂ ಡೇಟಾಬೇಸಿನಲ್ಲಿ ಮೂರು ಸ್ಥಿತಿಗಳಿರಲಿ: ಲಭ್ಯ, ಕಾದಿರಿಸಿದೆ, ಮಾರಾಟವಾಗಿದೆ. ಗ್ರಾಹಕರು "ಕೊಳ್ಳಿ" ಒತ್ತಿದಾಗ ಮೊದಲು ಸ್ಥಿತಿಯನ್ನು ಓದಿ, ಆಮೇಲೆ ಬದಲಿಸುವ ಎರಡು ಹೆಜ್ಜೆಯ ಕ್ರಮವನ್ನು ಅನುಸರಿಸಬೇಡಿ, ಏಕೆಂದರೆ ಓದುವುದಕ್ಕೂ ಬದಲಿಸುವುದಕ್ಕೂ ನಡುವಿನ ಕ್ಷಣದಲ್ಲಿ ಇನ್ನೊಬ್ಬರು ನುಸುಳಬಹುದು. "ಸ್ಥಿತಿ ಲಭ್ಯ ಎಂದಿದ್ದರೆ ಮಾತ್ರ ಕಾದಿರಿಸಿದೆ ಎಂದು ಬದಲಿಸು" ಎಂಬ ಒಂದೇ ಆಜ್ಞೆಯನ್ನು ಡೇಟಾಬೇಸಿಗೆ ಕೊಡಿ, ಎಷ್ಟು ಸಾಲುಗಳು ಬದಲಾದವು ಎಂದು ಅದು ಹೇಳುವ ಉತ್ತರವನ್ನು ನೋಡಿ. ಒಂದು ಎಂದರೆ ಸೀರೆ ಈ ಗ್ರಾಹಕರದು. ಸೊನ್ನೆ ಎಂದರೆ ಬೇರೆಯವರು ಆಗಲೇ ಕಾದಿರಿಸಿದ್ದಾರೆ. ಕಾದಿರಿಸಿದ ಹೊತ್ತನ್ನೂ ಬರೆದಿಡಿ. ಹದಿನೈದು ನಿಮಿಷದಲ್ಲಿ ಹಣ ಬಾರದಿದ್ದರೆ ಸೀರೆ ತಾನಾಗಿ ಮತ್ತೆ ಲಭ್ಯವಾಗಲಿ.

ಹದಿನಾರನೆಯ ನಿಮಿಷದಲ್ಲಿ ಹಣ ಬಂದರೆ ಏನು ಮಾಡಬೇಕು ಎಂಬುದನ್ನೂ ಈಗಲೇ ತೀರ್ಮಾನಿಸಿ. ಸೀರೆ ಇನ್ನೂ ಇದ್ದರೆ ಅವರಿಗೇ ಕೊಡಿ. ಹೋಗಿದ್ದರೆ ಅದೇ ದಿನ ಪೂರ್ತಿ ಹಣವನ್ನು ಹಿಂತಿರುಗಿಸಿ, ಫೋನ್ ಮಾಡಿ ತಿಳಿಸಿ.

ಪಾವತಿಯ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಹಣ ಕಟ್ಟಿದ ಮೇಲೆ ಗ್ರಾಹಕರ ಬ್ರೌಸರ್ ನಿಮ್ಮ "ಧನ್ಯವಾದ" ಪುಟಕ್ಕೆ ಮರಳಿ ಬರುತ್ತದೆ, ಆಗ ಆದೇಶವನ್ನು ದಾಖಲಿಸಿದರಾಯಿತು ಎಂದು ಅವರು ಭಾವಿಸುತ್ತಾರೆ. ನಮ್ಮ ಕಡೆ ಯುಪಿಐ ಬಳಸುವವರು ಬ್ರೌಸರ್ ಬಿಟ್ಟು ಪಾವತಿಯ ಆ್ಯಪಿಗೆ ಹೋಗಿ ಪಿನ್ ಒತ್ತುತ್ತಾರೆ, ಅಲ್ಲೇ ಹಣ ಹೋಯಿತೆಂದು ತಿಳಿದು ಫೋನನ್ನು ಜೇಬಿಗಿಳಿಸುತ್ತಾರೆ. ಬ್ರೌಸರ್ ಮರಳಿ ಬರುವುದೇ ಇಲ್ಲ. ಅದಕ್ಕಾಗಿಯೇ ಗೇಟ್‌ವೇ ಸಂಸ್ಥೆಗಳು (ಆನ್‌ಲೈನ್ ಪಾವತಿಯನ್ನು ನಡೆಸಿಕೊಡುವವರು) ವೆಬ್‌ಹುಕ್ ಎಂಬ ವ್ಯವಸ್ಥೆಯನ್ನು ಇಟ್ಟಿವೆ: ಹಣ ಸಂದಾಯವಾದೊಡನೆ ಅವರ ಸರ್ವರ್ ನಿಮ್ಮ ಸರ್ವರ್‌ಗೆ ನೇರವಾಗಿ ಸುದ್ದಿ ಕಳುಹಿಸುತ್ತದೆ. ಆದೇಶವನ್ನು ದೃಢಪಡಿಸುವುದು ಆ ಸುದ್ದಿಯ ಮೇಲೆಯೇ ಆಗಬೇಕು. ಅದರ ಜೊತೆ ಬರುವ ಸಹಿಯನ್ನು ನಿಮ್ಮ ಗುಪ್ತ ಕೀಲಿಯಿಂದ ಪರೀಕ್ಷಿಸಿ, ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಸುದ್ದಿ ಕಳುಹಿಸಬಹುದು. ಒಂದೇ ಸುದ್ದಿ ಎರಡು ಮೂರು ಸಲ ಬರುವುದೂ ಉಂಟು. ಎರಡನೆಯ ಸಲ ಬಂದಾಗ ಇನ್ನೊಂದು ಆದೇಶ ಹುಟ್ಟಬಾರದು.

ಮೊತ್ತವನ್ನು ಗೇಟ್‌ವೇಗಳಿಗೆ ಸಾಮಾನ್ಯವಾಗಿ ಪೈಸೆಗಳಲ್ಲಿ ಕೊಡಬೇಕು. 3,500 ರೂಪಾಯಿಯ ಸೀರೆಗೆ 3500 ಎಂದು ಕಳುಹಿಸಿದರೆ ಗ್ರಾಹಕರಿಂದ 35 ರೂಪಾಯಿ ಮಾತ್ರ ಬರುತ್ತದೆ. ನನ್ನ ಒಬ್ಬ ಗಿರಾಕಿಯ ಅಂಗಡಿಯಲ್ಲಿ ಮೊದಲ ದಿನ ಹೀಗೇ ಆಯಿತು, ತಪ್ಪು ನನ್ನದೇ ಆಗಿದ್ದರಿಂದ ಆ ನಷ್ಟವನ್ನು ನಾನೇ ಭರಿಸಿದೆ. ಬೆಲೆಯನ್ನು ಬ್ರೌಸರ್ ಹೇಳಿದಂತೆ ನಂಬಬೇಡಿ. ಸರ್ವರ್ ತನ್ನ ಪಟ್ಟಿಯಿಂದಲೇ ಬೆಲೆಯನ್ನು ತೆಗೆದುಕೊಳ್ಳಬೇಕು. ಕಾರ್ಡ್ ಸಂಖ್ಯೆಗಳನ್ನಂತೂ ಮುಟ್ಟಲೇಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಅಕ್ಟೋಬರ್‌ನಿಂದ ವ್ಯಾಪಾರಿಗಳು ಅವನ್ನು ಇಟ್ಟುಕೊಳ್ಳುವಂತಿಲ್ಲ.

ಬಾಗಲಕೋಟೆ ಲೆಕ್ಕಪತ್ರ:

ತೆರಿಗೆಯ ವಿಷಯದಲ್ಲಿ ಕೆಲವು ಮಾತು. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಪುಣೆಗೋ ಹೈದರಾಬಾದಿಗೋ ಒಂದು ಸೀರೆ ಹೋದರೂ ಅದು ಅಂತರರಾಜ್ಯ ಮಾರಾಟ; ಅದಕ್ಕೆ ಆ ಮಿತಿ ಅನ್ವಯಿಸುವುದಿಲ್ಲ. ಅಧಿಸೂಚಿತ ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ರಿಯಾಯಿತಿ ಇದೆ. ನಿಮ್ಮ ಸರಕು ಅದರಡಿ ಬರುತ್ತದೆಯೇ ಎಂಬುದನ್ನು ನಿಮ್ಮ ಲೆಕ್ಕಿಗರ ಬಳಿ ಕಾಗದ ಸಮೇತ ಕುಳಿತು ನೋಡಿ, ಇಲ್ಲಿ ಓದಿದ್ದನ್ನೇ ನಂಬಿ ಮುಂದುವರಿಯಬೇಡಿ. ಆರು ಮನೆಗಳ ಸೀರೆಯನ್ನೂ ನೀವು ಮಾರುವುದರಿಂದ ಅವನ್ನು ಕೊಂಡು ಮಾರುತ್ತೀರೋ, ಅವರ ಪರವಾಗಿ ಮಾರುತ್ತೀರೋ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಬೆಲೆಯನ್ನು ತೆರಿಗೆ ಸೇರಿಸಿಯೇ ತೋರಿಸಿ. ಕೊನೆಯ ಪುಟದಲ್ಲಿ ಮೊತ್ತ ಏರುವುದನ್ನು ಕಂಡು ಬಿಟ್ಟುಹೋದ ಗ್ರಾಹಕರು ಮತ್ತೆ ಬರುವುದಿಲ್ಲ.

ಗ್ರಾಹಕ ಸಂರಕ್ಷಣೆಯ 2020ರ ಇ-ವಾಣಿಜ್ಯ ನಿಯಮಗಳು ಚಿಕ್ಕ ಅಂಗಡಿಗೂ ಅನ್ವಯಿಸುತ್ತವೆ. ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ಸಂಪರ್ಕದ ವಿವರ, ದೂರು ಕೇಳುವವರ ಹೆಸರು ಇವೆಲ್ಲ ತಾಣದಲ್ಲಿ ಕಾಣಬೇಕು. ದೂರು ಬಂದ 48 ಗಂಟೆಗಳೊಳಗೆ ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗೇಟ್‌ವೇ ಸಂಸ್ಥೆಯವರೂ ಖಾತೆ ತೆರೆಯುವ ಮುನ್ನ ಹಣ ಹಿಂತಿರುಗಿಸುವ ನಿಯಮ, ಸಾಗಣೆಯ ನಿಯಮ, ಗೌಪ್ಯತೆಯ ನಿಯಮಗಳ ಪುಟಗಳನ್ನು ಕೇಳುತ್ತಾರೆ. ಬೇರೆಯವರ ಪುಟವನ್ನು ನಕಲು ಮಾಡಬೇಡಿ, ನೀವು ನಿಜವಾಗಿ ಪಾಲಿಸಬಲ್ಲದ್ದನ್ನು ನಾಲ್ಕು ಸಾಲು ಕನ್ನಡದಲ್ಲಿ ಬರೆಯಿರಿ.

ಇಳಕಲ್ ಸೀರೆಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದೆ ಎಂಬುದು ನಿಮಗೆ ತಿಳಿದೇ ಇದೆ. ಆದರೆ ನೀವೂ ಆ ಗುರುತನ್ನು ಬಳಸಬೇಕಾದರೆ ಚೆನ್ನೈನಲ್ಲಿರುವ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರೆಂದು ನಿಮ್ಮ ಹೆಸರು ದಾಖಲಾಗಬೇಕು. ಕೈಮಗ್ಗ ಗುರುತಿಗೆ (ಹ್ಯಾಂಡ್‌ಲೂಮ್ ಮಾರ್ಕ್) ಜವಳಿ ಸಮಿತಿಗೆ ಬೇರೆಯಾಗಿ ಅರ್ಜಿ ಹಾಕಬೇಕು. ಇವೆರಡನ್ನೂ ಇಂದೇ ಆರಂಭಿಸಿ, ಆದರೆ ಅಂಗಡಿ ತೆರೆಯಲು ಇವಕ್ಕಾಗಿ ಕಾಯಬೇಡಿ.

ನಿವೃತ್ತ ಅಂಚೆ ನೌಕರ, ವಿಜಯಪುರ:

ಮೂವತ್ತಮೂರು ವರ್ಷ ಪೊಟ್ಟಣಗಳನ್ನು ತೂಗಿದವನು ನಾನು. ತಮ್ಮ, ವಿಳಾಸದ ಪೆಟ್ಟಿಗೆಗಳ ಬಗ್ಗೆ ನಿನಗೆ ಎರಡು ಮಾತು ಹೇಳಬೇಕು.

ಆನ್‌ಲೈನ್ ಅಂಗಡಿಗಳಲ್ಲಿ ಮನೆ ಸಂಖ್ಯೆ, ರಸ್ತೆ, ಬಡಾವಣೆ ಎಂದು ಬೇರೆ ಬೇರೆ ಪೆಟ್ಟಿಗೆ ಕೊಟ್ಟು ಎಲ್ಲವನ್ನೂ ಕಡ್ಡಾಯ ಮಾಡುತ್ತಾರೆ. ನಮ್ಮ ಹಳ್ಳಿಗಳಲ್ಲಿ ಮನೆ ಸಂಖ್ಯೆಯಿಂದ ಮನೆ ಹುಡುಕಿದ ಅಂಚೆಯಣ್ಣ ಯಾರೂ ಇಲ್ಲ. ಯಾರ ಮನೆ, ಯಾವ ಗುಡಿಯ ಹತ್ತಿರ, ಯಾವ ಓಣಿ ಎಂಬುದೇ ವಿಳಾಸ. ಆದ್ದರಿಂದ ಒಂದೇ ದೊಡ್ಡ ಪೆಟ್ಟಿಗೆ ಕೊಟ್ಟು, ಅದರ ಕೆಳಗೆ "ಹತ್ತಿರದ ಗುರುತು" ಎಂದು ಇನ್ನೊಂದು ಇಡು. ಪಿನ್‌ಕೋಡ್ ಮಾತ್ರ ಕಡ್ಡಾಯವಾಗಿ ಆರು ಅಂಕಿ ಇರಬೇಕು. ಪಿನ್ ಹಾಕಿದೊಡನೆ ಜಿಲ್ಲೆಯ ಹೆಸರು ತಾನಾಗಿ ಕಾಣುವಂತೆ ಮಾಡಿದರೆ ತಪ್ಪು ಹಾಕಿದವರಿಗೆ ಅಲ್ಲೇ ತಿಳಿಯುತ್ತದೆ. ಜನ ವಿಳಾಸವನ್ನು ಕನ್ನಡದಲ್ಲಿ ಬರೆದರೆ ಬೇಡವೆನ್ನಬೇಡ, ಆದರೆ ಹೊರರಾಜ್ಯಕ್ಕೆ ಹೋಗುವ ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲೂ ಬರೆದು ಅಂಟಿಸು.

ಸೀರೆಯನ್ನು ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತು, ಆಮೇಲೆ ಗಟ್ಟಿ ಹೊರಚೀಲಕ್ಕೆ ಹಾಕು. ಶ್ರಾವಣ ಎಂದರೆ ಮಳೆಗಾಲ. ದೊಡ್ಡ ರಟ್ಟಿನ ಪೆಟ್ಟಿಗೆ ಅಂದಕ್ಕೆ ಚೆನ್ನಾಗಿ ಕಾಣುತ್ತದೆ, ಆದರೆ ಕೊರಿಯರ್‌ನವರು ಉದ್ದ, ಅಗಲ, ಎತ್ತರಗಳ ಸೆಂಟಿಮೀಟರುಗಳನ್ನು ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿ ಬರುವ ತೂಕಕ್ಕೂ ಹಣ ಕೇಳುತ್ತಾರೆ. ಮುಕ್ಕಾಲು ಕಿಲೋ ಸೀರೆಯನ್ನು 40, 30, 10 ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ಹಾಕಿದರೆ ಅದು 2.4 ಕಿಲೋ ಆಗುತ್ತದೆ. ಮನೆಗೆ ತಲುಪಿದ ಮೇಲೆ ಹಣ ಕೊಡುವ ಪದ್ಧತಿಯನ್ನು ಬಿಡಬೇಡ. ಹಳ್ಳಿಯ ಹೆಣ್ಣುಮಕ್ಕಳು ಕಾಣದ ಅಂಗಡಿಗೆ ಮುಂಚೆ ಹಣ ಹಾಕಲು ಹಿಂಜರಿಯುತ್ತಾರೆ, ಅದು ನ್ಯಾಯವೇ.

ಧಾರವಾಡದ ಖಣದಂಗಡಿ:

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ತಿಳಿಯಬಾರದು. ತಲುಪಿದ ಮೇಲೆ ಹಣ ಎಂದು ನಾನು ಮೊದಲ ವರ್ಷ ಇಟ್ಟಿದ್ದೆ. ಬಾಗಿಲವರೆಗೆ ಹೋಗಿ ಬೇಡವೆನ್ನಿಸಿಕೊಂಡು ಮರಳಿದ ಪೊಟ್ಟಣಗಳಿಗೆ ಎರಡೂ ಕಡೆಯ ಸಾಗಣೆಯ ಖರ್ಚು ನನ್ನ ಮೇಲೆಯೇ ಬಿತ್ತು, ಹದಿನೈದು ಇಪ್ಪತ್ತು ದಿನ ಆ ಖಣ ಯಾರಿಗೂ ಮಾರಲು ಸಿಗದಂತಾಯಿತು. ಒಂದೇ ಒಂದು ಇರುವ ಸರಕಿಗೆ ಇದು ದೊಡ್ಡ ಪೆಟ್ಟು. ಈಗ 200 ರೂಪಾಯಿ ಮುಂಗಡ ಪಡೆದು ಉಳಿದದ್ದನ್ನು ತಲುಪಿದ ಮೇಲೆ ಪಡೆಯುತ್ತೇನೆ. ಅಷ್ಟರಿಂದಲೇ ಮರಳಿ ಬರುವುದು ಬಹುಮಟ್ಟಿಗೆ ನಿಂತಿದೆ.

ಹೊರದೇಶದಿಂದ ಒಬ್ಬ ಗ್ರಾಹಕಿ:

ನಾನು ಹುಟ್ಟಿದ್ದು ಹುನಗುಂದದಲ್ಲಿ, ಈಗ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಇಲ್ಲಿಗೆ ಸೀರೆ ಕಳುಹಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಿ. 800 ಡಾಲರಿನವರೆಗಿನ ಪೊಟ್ಟಣಗಳಿಗೆ ಇದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿರುವುದರಿಂದ, ಬಾಗಿಲಿಗೆ ಬಂದ ಮೇಲೆ ಎಷ್ಟು ಕಟ್ಟಬೇಕಾಗುತ್ತದೆ ಎಂದು ನಿಮಗೂ ನಮಗೂ ಮೊದಲೇ ಹೇಳಲಾಗದು. ನಮಗೆ ಬೇಕಾಗಿರುವುದು ಬೇರೆ. ಊರಿನಲ್ಲಿರುವ ಅಕ್ಕನಿಗೆ, ಅತ್ತೆಗೆ ಇಲ್ಲಿಂದ ಹಣ ಕಟ್ಟಿ ಅಲ್ಲಿಗೆ ಸೀರೆ ತಲುಪಿಸುವಂತಾಗಬೇಕು. ಅದಕ್ಕೆ ಹಣ ಕಟ್ಟುವವರ ಹೆಸರು ಮತ್ತು ಪಡೆಯುವವರ ಹೆಸರು ಬೇರೆ ಬೇರೆ ಇರಲು ಅವಕಾಶ ಕೊಡಿ, ಹೊರದೇಶದ ಫೋನ್ ಸಂಖ್ಯೆ ಹಾಕಿದರೆ ತಪ್ಪೆಂದು ತಡೆಯಬೇಡಿ, ಬೆಲೆಯ ಚೀಟಿಯನ್ನು ಸೀರೆಯ ಮೇಲೆ ಅಂಟಿಸಬೇಡಿ. ಹೊರದೇಶದ ಕಾರ್ಡುಗಳನ್ನು ಸ್ವೀಕರಿಸಲು ಗೇಟ್‌ವೇ ಸಂಸ್ಥೆಯಲ್ಲಿ ಬೇರೆಯಾಗಿ ಅನುಮತಿ ಕೇಳಬೇಕಾಗುತ್ತದೆ, ಅದಕ್ಕೆ ಈಗಲೇ ಅರ್ಜಿ ಹಾಕಿ.

ಮೈಸೂರಿನ ಅಕ್ಷರ ವಿನ್ಯಾಸ:

ಯಾರೂ ಹೇಳದ ಒಂದು ಸಂಗತಿಯನ್ನು ಸೇರಿಸುತ್ತೇನೆ. ತಾಣವನ್ನು ಕನ್ನಡದಲ್ಲಿ ಮಾಡುವುದಾದರೆ, ಇಂಗ್ಲಿಷಿಗೆಂದು ಮಾಡಿದ ಗುಂಡಿಗಳ ಎತ್ತರ ನಮ್ಮ ಒತ್ತಕ್ಷರಗಳಿಗೆ ಸಾಲುವುದಿಲ್ಲ. "ಕೊಳ್ಳಿ" ಎಂಬ ಪದದ ಳಕಾರದ ಒತ್ತು ಕೆಳಗೆ ಕತ್ತರಿಸಿಹೋದ ಎಷ್ಟೋ ತಾಣಗಳನ್ನು ನೋಡಿದ್ದೇನೆ. ಗುಂಡಿಗೆ ನಿಗದಿತ ಎತ್ತರ ಕೊಡದೆ ಮೇಲೆ ಕೆಳಗೆ ಜಾಗ ಬಿಡಿ, ಸಾಲಿನ ಅಂತರವನ್ನು ಅಕ್ಷರದ ಗಾತ್ರದ 1.6 ಪಟ್ಟಾದರೂ ಇಡಿ, ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಶೈಲಿಯನ್ನು ಬಳಸಲೇಬೇಡಿ. ಈಗಿನ ಫೋನುಗಳಲ್ಲೆಲ್ಲ ಕನ್ನಡದ ಅಕ್ಷರರೂಪ ಇದ್ದೇ ಇರುವುದರಿಂದ ಬೇರೆ ಫಾಂಟನ್ನು ಇಳಿಸುವ ಭಾರವೂ ಬೇಡ. ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತಿಸಿ, ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಗಳು ಅದನ್ನು ನೋಡಿಯೇ ಉಚ್ಚಾರಣೆಯನ್ನು ಆರಿಸಿಕೊಳ್ಳುತ್ತವೆ.

ಊರಿನ ಹೆಸರನ್ನು ಇಳಕಲ್, ಇಲಕಲ್ಲ, ಇಲ್ಕಲ್ ಎಂದು ಜನ ಹಲವು ಬಗೆಯಲ್ಲಿ ಬರೆಯುತ್ತಾರೆ, ಇಂಗ್ಲಿಷಿನಲ್ಲೂ ಹಾಗೆಯೇ. ಮುಖಪುಟದ ವಿವರಣೆಯಲ್ಲಿ ಈ ರೂಪಗಳೆಲ್ಲ ಸಹಜವಾಗಿ ಬರುವಂತೆ ಒಂದು ಪರಿಚ್ಛೇದ ಬರೆದರೆ ಹುಡುಕುವವರಿಗೆ ನಿಮ್ಮ ಅಂಗಡಿ ಸಿಗುತ್ತದೆ.

ಇಳಕಲ್ ಮಗ್ಗದ ಮನೆ:

ಏಳು ವಾರಗಳ ನಂತರ ಮರಳಿ ಬರೆಯುತ್ತಿದ್ದೇನೆ. ಅಂಗಡಿ ತೆರೆದಿದೆ.

ಒಮ್ಮೆಗೇ ಎಲ್ಲರಿಗೂ ಸಾರದೆ, ಮೊದಲ ವಾರ ಪರಿಚಯದ ಇಪ್ಪತ್ತು ಮನೆಗಳಿಗೆ ಮಾತ್ರ ತಾಣದ ಲಿಂಕನ್ನು ಕಳುಹಿಸಿದೆ. ನನ್ನ ಅಕ್ಕನಿಗೆ ಹಳೆಯ ಫೋನೊಂದನ್ನು ಕೊಟ್ಟು, ಏನೂ ಹೇಳಿಕೊಡದೆ, ಒಂದು ಸೀರೆ ಕೊಳ್ಳಲು ಹೇಳಿ ಪಕ್ಕದಲ್ಲಿ ಸುಮ್ಮನೆ ಕುಳಿತೆ. ಕಚೇರಿಯಲ್ಲಿ ಪರೀಕ್ಷೆಯನ್ನೇ ಕಸುಬಾಗಿಸಿಕೊಂಡ ನನಗೆ ಆ ಹತ್ತು ನಿಮಿಷ ಕಲಿಸಿದ್ದು ಬಹಳ. "ಕೊಳ್ಳಿ" ಒತ್ತಿದರೆ ಆ ಕ್ಷಣವೇ ಹಣ ಹೋಗಿಬಿಡುತ್ತದೆ ಎಂದು ಹೆದರಿ ಆಕೆ ಒತ್ತಲೇ ಇಲ್ಲ. ಈಗ ಗುಂಡಿಯ ಕೆಳಗೆ "ಮುಂದಿನ ಪುಟದಲ್ಲಿ ವಿಳಾಸ ಕೇಳುತ್ತೇವೆ, ಹಣ ಆಮೇಲೆ" ಎಂದು ಒಂದು ಸಾಲು ಬರೆದಿದ್ದೇನೆ. ಸೀರೆಯ ಚಿತ್ರಗಳು ನಾಲ್ಕು ನಾಲ್ಕು ಎಂಬಿ ಇದ್ದವು. ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ತಂದು ಒಂದೊಂದನ್ನೂ 120 ಕೆಬಿ ಆಸುಪಾಸಿಗೆ ಇಳಿಸಿದ ಮೇಲೆ ನಮ್ಮ ಓಣಿಯ ನೆಟ್‌ವರ್ಕಿನಲ್ಲೂ ಪುಟ ತಡವಿಲ್ಲದೆ ತೆರೆಯುತ್ತದೆ. ಕೊಂಡಿಯ ಚಿತ್ರವನ್ನು ಮಾತ್ರ ದೊಡ್ಡದಾಗಿ ನೋಡಲು ಬೇರೆ ಅವಕಾಶ ಇಟ್ಟಿದ್ದೇನೆ.

ವೆಬ್‌ಹುಕ್ಕಿನ ಮಾತು ಎಷ್ಟು ನಿಜವೆಂದು ಮೂರನೆಯ ದಿನವೇ ತಿಳಿಯಿತು. ಗದಗಿನ ಒಬ್ಬ ಗ್ರಾಹಕರು ಹಣ ಕಟ್ಟಿ ಫೋನ್ ಮುಚ್ಚಿಟ್ಟಿದ್ದರು, ಬ್ರೌಸರ್ ಮರಳಲೇ ಇಲ್ಲ, ಆದರೂ ಆದೇಶ ಸರಿಯಾಗಿ ದಾಖಲಾಗಿತ್ತು. ಒಂದೇ ಸೀರೆಗೆ ಇಬ್ಬರು ಬಂದದ್ದು ಈವರೆಗೆ ನಾಲ್ಕು ಸಲ. ಎರಡನೆಯವರಿಗೆ "ಈ ಸೀರೆಯನ್ನು ಬೇರೆಯವರು ಕಾದಿರಿಸಿದ್ದಾರೆ, ಹದಿನೈದು ನಿಮಿಷ ಬಿಟ್ಟು ನೋಡಿ" ಎಂದು ಕಂಡಿತು. ಅವರಲ್ಲಿ ಒಬ್ಬರಿಗೆ ಆಮೇಲೆ ಅದೇ ಸೀರೆ ಸಿಕ್ಕಿತು ಕೂಡ. ಹಿರಿಯರ ಮತ್ತು ಧಾರವಾಡದ ಅಕ್ಕನವರ ಮಾತು ಎರಡನ್ನೂ ಉಳಿಸಿಕೊಂಡು, ಕರ್ನಾಟಕದೊಳಗೆ ಮುಂಗಡ ಪಡೆದು ಉಳಿದದ್ದನ್ನು ಬಾಗಿಲಲ್ಲಿ ಪಡೆಯುತ್ತಿದ್ದೇನೆ. ಜಿಎಸ್‌ಟಿ ನೋಂದಣಿ ಮುಗಿಯುವವರೆಗೆ ಹೊರರಾಜ್ಯದ ಪಿನ್‌ಕೋಡ್‌ಗಳನ್ನು ಸ್ವೀಕರಿಸುತ್ತಿಲ್ಲ.

ನಲವತ್ತರಲ್ಲಿ ಇಪ್ಪತ್ತೇಳು ಸೀರೆಗಳು ಹೋಗಿವೆ. ಒಂದು ಮರಳಿ ಬಂದಿದೆ, ಅದರ ಸೆರಗಿನಲ್ಲಿ ಒಂದು ಎಳೆ ತಪ್ಪಿದ್ದು ನಿಜ. ಕಾಕಾ ಅದನ್ನು ತಾವೇ ನೋಡಿ ಒಪ್ಪಿಕೊಂಡರು, ಹಣವನ್ನು ಅಂದೇ ಹಿಂತಿರುಗಿಸಿದೆವು. ಈಗ ಒಂದು ಸಂದೇಹ ಉಳಿದಿದೆ: ಮಾರಾಟವಾದ ಸೀರೆಗಳ ಪುಟಗಳನ್ನು ತೆಗೆದುಹಾಕಬೇಕೇ?

ಧಾರವಾಡದ ಖಣದಂಗಡಿ:

ಖಂಡಿತ ತೆಗೆಯಬೇಡಿ. "ಮಾರಾಟವಾಗಿದೆ" ಎಂದು ಬರೆದು, ನೇಯ್ದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ ಹಾಕಿ ಹಾಗೆಯೇ ಇಡಿ. ಆ ಪುಟಗಳೇ ನಿಮ್ಮ ಅಂಗಡಿಯ ಗೋಡೆ. ಅದರಡಿ "ಇಂಥದ್ದೇ ನೇಯಿಸಿಕೊಡಿ" ಎಂದು ಒಂದು ಗುಂಡಿ ಇಟ್ಟು ಫೋನ್ ಸಂಖ್ಯೆ ಮಾತ್ರ ಪಡೆಯಿರಿ. ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳದೆ, ನೇಯುವವರನ್ನೇ ಕೇಳಿ ಬರೆಯಿರಿ.

ಇಳಕಲ್ ಮಗ್ಗದ ಮನೆ:

ಹಾಗೆಯೇ ಮಾಡಿದೆ ಅಕ್ಕನವರೇ. ದಾಳಿಂಬೆ ಬಣ್ಣದ ಒಡಲು, ಚಿಕ್ಕಿಪರಾಸದ ದಡಿ ಇದ್ದ ಸೀರೆಗೆ ಒಂಬತ್ತು ಜನ ಸಂಖ್ಯೆ ಬಿಟ್ಟಿದ್ದಾರೆ. ಎಷ್ಟು ದಿನವೆಂದು ಅವ್ವನನ್ನು ಕೇಳಿದೆ. ಸೆರಗಿಗೆ ಅಸಲಿ ರೇಷ್ಮೆ ಬೇಕೋ, ಚಮಕಾ ನಡೆಯುತ್ತದೋ ಎಂದು ಒಂಬತ್ತೂ ಜನರನ್ನು ಮೊದಲು ಕೇಳಿ ಬಾ ಎಂದಳು. ಇವತ್ತು ಸಂಜೆ ಐದು ಜನರಿಗೆ ಫೋನ್ ಮಾಡಿದ್ದೇನೆ, ಉಳಿದ ನಾಲ್ವರಿಗೆ ನಾಳೆ ಮಾಡುತ್ತೇನೆ. ಆ ಪ್ರಶ್ನೆಯನ್ನು ಗುಂಡಿಯ ಪಕ್ಕದಲ್ಲೇ ಸೇರಿಸಿದ್ದೇನೆ.